ಖಾಲಿ ಎಂದು ನಾನು ವಾಪಸ್ ಕಳಿಸಿದ ಕ್ಯಾಸೆಟ್ಟು

೧೯೮೯ರಲ್ಲಿ ನನ್ನ ಓದು ನಿಂತಿತು. ಏಳನೇ ಕ್ಲಾಸಿನ ಪರೀಕ್ಷೆ ಬರೆದೆ, ರಿಸಲ್ಟ್ ನೋಡಲು ಹೋಗಲಿಲ್ಲ. ಪಾಸಾಗಿದ್ದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳಿದವರಿಗೆ ಪಾಸು ಎಂದೇ ಹೇಳುತ್ತಾ ಬಂದಿದ್ದೇನೆ. ರಿಸಲ್ಟ್ ಬಂದ ದಿನ ನಾನು ಶಿಕಾರಿಪುರದ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂತು, ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಕಲಾದ ತಾಮ್ರದ ತಂತಿ ಕೀಳುತ್ತಿದ್ದೆ. ಹನ್ನೆರಡು ವರ್ಷ ದುಡಿದ ಮೇಲೆ ಆ ಅಂಗಡಿ ನನ್ನದಾಯಿತು. ಯಾರೂ ದಾನ ಕೊಟ್ಟದ್ದಲ್ಲ. ಈ ಎರಡು ಕೈ, ಎರಡು ಕಿವಿ ದುಡಿದದ್ದು. ಕೈಗಿಂತ ಕಿವಿ ದುಡಿದದ್ದೇ ಹೆಚ್ಚು ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ.

ಕಿವಿ ಅಪ್ಪನಿಂದ ಬಂದದ್ದು. ನಮ್ಮದು ಕುರಿ ಸಾಕುವ ಮನೆ. ಇನ್ನೂರು ಕುರಿ ಮಲಗಿದ ಹಟ್ಟಿಯ ಆಚೆ ಅಪ್ಪ ಬೀಡಿ ಸೇದುತ್ತಾ ಕೂತಿರುತ್ತಿದ್ದ. ಒಳಗೊಂದು ಕೆಮ್ಮಿದರೆ ತಿರುಗಿಯೂ ನೋಡದೆ, "ಕಿವಿ ಹರಿದದ್ದು ಐತಲ್ಲ, ಅದಕ್ಕ ಎದಿ ಕಟ್ಟೇತಿ" ಅನ್ನುತ್ತಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಅದೇ ಕುರಿ ಮೂಗು ಸುರಿಸುತ್ತಾ ನಿಂತಿರುತ್ತಿತ್ತು. ನಾನು ಕುರಿ ಬಿಟ್ಟು ಮೋಟಾರು ಹಿಡಿದೆ, ಕೇಳುವ ಕೆಲಸ ಮಾತ್ರ ಅದೇ ಉಳಿಯಿತು.

ಹೇಗೆ ಕೇಳುತ್ತೇನೆ ಎಂದು ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ರಿಪೇರಿ ಮುಗಿದ ಮೋಟಾರಿಗೆ ಕರೆಂಟ್ ಕೊಡುತ್ತೇನೆ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತಿರುವ ಜಾಗಕ್ಕೆ ಒತ್ತಿ, ಅದರ ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಇಟ್ಟು, ಕಣ್ಣು ಮುಚ್ಚಿ ನೂರು ಎಣಿಸುತ್ತೇನೆ. ಕಾಯಿಲ್ ಸರಿ ಇದ್ದರೆ ದಪ್ಪ ದನಿಯಲ್ಲಿ ಗುಂಯ್ ಅನ್ನುತ್ತದೆ. ಬೇರಿಂಗಿನ ಗ್ರೀಸ್ ಒಣಗಿದ್ದರೆ ಆ ದಪ್ಪ ದನಿಯ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಸಿಳ್ಳು ಇರುತ್ತದೆ. ಸಿಳ್ಳು ಇರುವಾಗಲೇ ಹಿಡಿದರೆ ಬೇರಿಂಗ್ ಬದಲಿಸಿ ಕೈ ತೊಳೆದುಕೊಳ್ಳಬಹುದು. ಬಿಟ್ಟರೆ ಅದು ಗೊರಗುಟ್ಟಲು ಶುರುಮಾಡುತ್ತದೆ, ಬಿಸಿಯೇರುತ್ತದೆ, ಒಂದು ದಿನ ಓಡುತ್ತಿರುವಾಗಲೇ ಕಚ್ಚಿಕೊಂಡು ನಿಂತುಬಿಡುತ್ತದೆ. ಆಗ ಅದಕ್ಕೆ ಹಾಕಿದ ಬೆಲ್ಟು ಯಾರ ಕಡೆ ಹಾರುತ್ತದೆ ಎಂದು ಹೇಳಲು ಬರುವುದಿಲ್ಲ.

ನೂರು ಎಣಿಸಿ ಸಿಳ್ಳು ಇಲ್ಲವೆಂದು ಖಾತ್ರಿಯಾದರೆ ಮೋಟಾರಿನ ನೆತ್ತಿಯ ಮೇಲೆ ಬೆರಳಲ್ಲಿ ಹಸಿರು ಬಣ್ಣದ ಒಂದು ಬೊಟ್ಟು ಇಡುತ್ತಿದ್ದೆ. ರಸೀತಿ, ಗ್ಯಾರಂಟಿ ಕಾರ್ಡು ಏನೂ ಇಲ್ಲ. ಸೊರಬದ ಕಡೆಯಿಂದಲೂ ಜನ ಬೊಟ್ಟಿಗಾಗಿ ಮೋಟಾರು ಹೊತ್ತು ತರುತ್ತಿದ್ದರು. ಮೀಟರ್ ಹಿಡಿದು ಬರುವ ಡಿಪ್ಲೊಮಾ ಓದಿದವರು ಕೂಡ, "ನೀವೊಂದ್ಸಲ ಕಿವಿ ಕೊಡ್ರಿ" ಎಂದು ನಿಲ್ಲುತ್ತಿದ್ದರು. ನಾನು ಬೇಕೆಂದೇ ಒಂದು ಟೀ ಕುಡಿದು ಆಮೇಲೆ ಏಳುತ್ತಿದ್ದೆ.

ಮೂರು ವರ್ಷದ ಹಿಂದೆ ಆನವಟ್ಟಿಯಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಅವಳ ಅಪ್ಪ ಮದುವೆ ಮುಂಜಿಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು, ನನಗೆ ಬೇಕಾದವರು. ಅವರು ತೀರಿಕೊಂಡ ಮೇಲೆ ಮೈಕ್‌ಸೆಟ್ಟಿನ ಗೋದಾಮಿನಲ್ಲಿ ಇವಳು, ಇವಳ ಇಬ್ಬರು ಗೆಳೆಯರು ಸೇರಿ ಒಂದು ಲೇಬಲ್ ಮಾಡಿದ್ದರು. ಲೇಬಲ್ ಅಂದರೆ ಹಾಡು ಹೊರತರುವವರು. ಆದರೆ ಇವರದರಲ್ಲಿ ಹಾಡುವವರೂ ಇಲ್ಲ, ತಬಲಾ, ಹಾರ್ಮೋನಿಯಂ ಪೆಟ್ಟಿಗೆಯೂ ಇಲ್ಲ. ಟ್ರಾನ್ಸ್‌ಫಾರ್ಮರು, ಸ್ಟಾರ್ಟರು, ಟ್ಯೂಬ್‌ಲೈಟಿನ ಚೋಕು ಇಂಥವುಗಳ ಸದ್ದು ಹಿಡಿದು, ಮೆಷಿನ್ನಿನಲ್ಲಿ ಎಳೆದು, ಮಡಚಿ, ಒಂದರ ಮೇಲೊಂದು ಹಾಸಿ ಸಂಗೀತ ಮಾಡುತ್ತಿದ್ದರು. ಐವತ್ತು ಕ್ಯಾಸೆಟ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ಈ ಕಾಲದಲ್ಲಿ ಕ್ಯಾಸೆಟ್!

"ಕಾಕಾ, ನಿಮ್ಮ ಮೋಟಾರಿನ ಸದ್ದು ಬೇಕಿತ್ತು" ಅಂದಳು.

ಕಾಯಿಲ್ ಸುತ್ತುವ ಕೈಮಷಿನ್ನಿನ ಮುಂದೆ ಕೂತಿದ್ದ ನನ್ನ ಹೆಂಡತಿ ನಕ್ಕಳು. "ಒಯ್ಯವ್ವ, ಪುಣ್ಯ ಬರ್ತೈತಿ. ಇವರ ಗೊರಕೀನೂ ಹಿಡ್ಕೊಂಡು ಹೋಗು."

"ಅದೂ ಬೇಕು ಚಿಗವ್ವ, ಮುಂದಿನ ಸಲ ಬಂದಾಗ."

ನಮ್ಮ ಅಂಗಡಿಯಲ್ಲಿ ಕಾಯಿಲ್ ಸುತ್ತುವುದು ಹೆಂಡತಿಯ ಕೆಲಸ. ಇಪ್ಪತ್ತೆರಡು ವರ್ಷದಿಂದ ಸುತ್ತುತ್ತಿದ್ದಾಳೆ, ಒಂದು ಸುತ್ತು ಹೆಚ್ಚು ಕಡಿಮೆ ಆಗಿದ್ದು ನೆನಪಿಲ್ಲ. ಕೇಳುವ ಕೆಲಸ ಮಾತ್ರ ನಾನು ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ.

ಮೊದಲ ಕ್ಯಾಸೆಟ್ಟು ಬಂದಾಗ, ನಿಜ ಹೇಳುತ್ತೇನೆ, ಇದು ಸಂಗೀತವೇ ಅಲ್ಲ ಅಂದುಕೊಂಡೆ. ಆಮೇಲೆ ಅವಳು ಕೊಟ್ಟಿದ್ದ ಹೆಡ್‌ಫೋನ್ ಹಾಕಿಕೊಂಡು ಮನೆಯ ತಾರಸಿ ಮೇಲೆ ಕೂತೆ. ಇಪ್ಪತ್ತು ನಿಮಿಷ ಒಂದೇ ಒಂದು ಗುಂಯ್. ಅದು ನಿಧಾನಕ್ಕೆ ಇಳಿಯುತ್ತದೆ. ವೋಲ್ಟೇಜ್ ಕುಸಿಯುವಾಗ ಹೊಲದ ಮೋಟಾರುಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟಂತೆ ಇಳಿಯುತ್ತವಲ್ಲ, ಹಾಗೆ. ಕೊನೆಗೆ ಟಕ್ ಎಂದು ಸ್ಟಾರ್ಟರು ಬೀಳುತ್ತದೆ. ಮೂವತ್ತು ವರ್ಷ ದಿನಾ ಕೇಳಿದ್ದನ್ನು ಯಾರೋ ಎತ್ತಿ ನನ್ನ ಮುಂದೆ ಇಟ್ಟಂತಾಯಿತು. ಮರುದಿನ ಫೋನ್ ಮಾಡಿ, "ಒಂಬತ್ತನೇ ನಿಮಿಷಕ್ಕೆ ಬರೋದು ಐದು ಎಚ್‌ಪಿದು, ಅದರ ಒಂದು ಕಾಯಿಲ್ ಸುಡಾಕ್ ಬಂದೈತಿ ನೋಡವ್ವ" ಅಂದೆ. ಹೌದಂತೆ. ವಾರದಲ್ಲಿ ಸುಟ್ಟಿತಂತೆ.

ಅಂದಿನಿಂದ ಅವರು ಏನು ಹೊರತಂದರೂ ಮೊದಲ ಪ್ರತಿ ನನಗೆ ಬರತೊಡಗಿತು. ನಾನು ಕೇಳಿ ಸರಿ ಎಂದ ಮೇಲೆಯೇ ಉಳಿದ ನಲವತ್ತೊಂಬತ್ತು. ಓದಿದವರು, ಊರೂರು ತಿರುಗಿದವರು, ಏಳನೇ ಕ್ಲಾಸಿನವನ ಮಾತಿಗೆ ಕಾಯುತ್ತಿದ್ದರು. ಅಂಗಡಿಗೆ ಬಂದವರಿಗೆಲ್ಲ ಕ್ಯಾಸೆಟ್ಟುಗಳನ್ನು ತೋರಿಸುತ್ತಿದ್ದೆ.

ಈ ವರ್ಷ ಬೇಸಿಗೆಯಲ್ಲಿ ಒಟ್ಟಿಗೆ ಮೂರು ಬಂದವು. ಮೊದಲನೆಯದು ಬಂದಳಿಕೆಯ ಪಾಳು ಗುಡಿಗಳ ನಡುವೆ ಗಾಳಿಯಲ್ಲಿ ಅಲುಗುವ ಕರೆಂಟ್ ತಂತಿಯದು, ಚೆನ್ನಾಗಿತ್ತು. ಎರಡನೆಯದರಲ್ಲಿ ಹಳೆಯ ರೇಡಿಯೊ ಎರಡು ಸ್ಟೇಷನ್ ನಡುವೆ ಸಿಕ್ಕಿಕೊಂಡು ಅರ್ಧ ತಾಸು ಒದ್ದಾಡುತ್ತದೆ. ಉದ್ದವಾಯಿತು ಎಂದೆ, ಕತ್ತರಿಸಿದರು. ಮೂರನೆಯದರ ಮೊದಲ ಬದಿಯಲ್ಲಿ ಬೀಸುವ ಕಲ್ಲಿನ ಸದ್ದನ್ನು ಇಷ್ಟಿಷ್ಟೇ ನಿಧಾನ ಮಾಡಿ ಗುಡುಗಿನ ಹಾಗೆ ಮಾಡಿದ್ದರು. ಎರಡನೇ ಬದಿ ತಿರುಗಿಸಿ ಹಾಕಿದೆ. ಏನೂ ಇಲ್ಲ. ಟೇಪು ಓಡುವ ಸುಯ್ ಬಿಟ್ಟರೆ ಏನೂ ಇಲ್ಲ. ಕೊನೆಯವರೆಗೆ ಕಾದೆ. ಮುಂದೆ ಓಡಿಸಿ, ಹಿಂದೆ ಓಡಿಸಿ ನೋಡಿದೆ.

ಫೋನ್ ಮಾಡಿದೆ. "ಎರಡನೇ ಬದಿ ಖಾಲಿ ಬಂದೈತಲ್ಲವ್ವ."

"ಖಾಲಿನಾ? ಇರಲಿಕ್ಕಿಲ್ಲ ಕಾಕಾ. ಇನ್ನೊಂದು ಕಳಿಸ್ತೀನಿ."

ಇನ್ನೊಂದೂ ಖಾಲಿ. ನನಗೆ ಸಿಟ್ಟು ಬಂತು. ಅವರ ರೆಕಾರ್ಡಿಂಗ್ ಮಷಿನ್ನಿನಲ್ಲಿ ಟೇಪಿಗೆ ತಾಗುವ ಹೆಡ್ ಕೊಳೆಯಾಗಿದೆ, ನೋಡಿಕೊಳ್ಳುವ ಬುದ್ಧಿ ಇಲ್ಲ ಎಂದು ಬೈದೆ. ಅಷ್ಟಕ್ಕೇ ಬಿಡಲಿಲ್ಲ. ಹೆಡ್ ಒರೆಸುವ ಸ್ಪಿರಿಟ್ಟಿನ ಬಾಟಲಿ, ಹತ್ತಿ ಎರಡನ್ನೂ ಕಟ್ಟಿ ಕ್ಯಾಸೆಟ್ಟಿನ ಜೊತೆ ಆನವಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಕಟ್ಟಿನ ಮೇಲೆ, "ಮೊದಲು ಒರೆಸುವುದು ಕಲಿಯಿರಿ" ಎಂದು ಬರೆದ ಒಂದು ಚೀಟಿ ಅಂಟಿಸಿದ್ದೆ. ಆ ಚೀಟಿಯನ್ನು ಅವಳು ಎಸೆದಿಲ್ಲ. ಎಸೆ ಎಂದು ಹೇಳಲು ನನಗೆ ಮುಖವಿಲ್ಲ.

ಮೂರು ದಿನಕ್ಕೆ ಅವಳೇ ಬಂದಳು, ಮೂರನೇ ಪ್ರತಿ ತೆಗೆದುಕೊಂಡು. ಮಧ್ಯಾಹ್ನ ಊಟ ಮುಗಿದಿತ್ತು. ಹೆಂಡತಿ ಕಾಯಿಲ್ ಸುತ್ತುತ್ತಿದ್ದಳು, ಬಾಗಿಲಲ್ಲಿ ನಾಯಿ ಮಲಗಿತ್ತು. ಎಲ್ಲರೂ ಕೇಳಲಿ ಎಂದು ಹೆಡ್‌ಫೋನಿನ ವಯರು ಕಿತ್ತು, ಸ್ಪೀಕರ್ ಜೋರು ಮಾಡಿ ಎರಡನೇ ಬದಿ ಹಾಕಿದೆ. ಸುಯ್.

"ನೋಡು" ಅಂದೆ. "ಈಗೇನಂತಿ?"

ನಾಯಿ ಎದ್ದಿತು. ಕಿವಿ ಹಿಂದಕ್ಕೆ ಮಾಡಿಕೊಂಡು ಬೀದಿಗೆ ಇಳಿದು ಹೋಯಿತು. ಹೆಂಡತಿಯ ಕೈಯಿಂದ ತಂತಿ ಜಾರಿತು. "ಅಯ್ಯ, ಆರ್ಸ್ರೀ ಅದನ್ನ! ಹಲ್ಲೆಲ್ಲ ಜುಮ್ ಅಂತಾವ."

ಇಬ್ಬರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಎಂದುಕೊಂಡು ನಕ್ಕೆ. ಆ ಹುಡುಗಿ ನಗಲಿಲ್ಲ. ಅವಳು ನನ್ನ ಮುಖ ನೋಡುತ್ತಿದ್ದಳು, ಮೂಗು ಸುರಿಸುತ್ತಾ ನಿಂತ ಕುರಿಯನ್ನು ಅಪ್ಪ ಬೆಳಿಗ್ಗೆ ನೋಡುತ್ತಿದ್ದ ಹಾಗೆ.

"ಕಾಕಾ, ಏನೂ ಕೇಳ್ತಾ ಇಲ್ವಾ?"

"ಇದ್ರ ತಾನೇ ಕೇಳಾಕ?"

ಅವಳು ಫೋನ್ ತೆಗೆದಳು. ದಪ್ಪ ದನಿಯಿಂದ ಸಣ್ಣ ದನಿಗೆ ಏರುತ್ತಾ ಹೋಗುವ ಒಂದು ಸದ್ದು ಅದರಲ್ಲಿತ್ತು. ಕೇಳುವವರೆಗೆ ಬೆರಳು ಎತ್ತಿ ಹಿಡಿಯಬೇಕು, ನಿಂತಾಗ ಇಳಿಸಬೇಕು. ನಾನೂ ಹೆಂಡತಿಯೂ ಎದುರುಬದುರು ಕೂತು ಬೆರಳೆತ್ತಿದೆವು. ಸದ್ದು ಏರಿತು, ಏರಿತು, ಆಮೇಲೆ ನನಗೆ ನಿಂತುಹೋಯಿತು. ಹೆಂಡತಿಯ ಬೆರಳು ಇನ್ನೂ ಮೇಲೆಯೇ ಇತ್ತು. ನಾನೂ ನನ್ನದನ್ನು ಇಳಿಸಲಿಲ್ಲ. ಅವಳು ಇಳಿಸಿದ ಮೇಲೆ ಇಳಿಸಿದೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳಿಗೆ ಇಷ್ಟೂ ತಿಳಿಯದೆ? ಎದ್ದು ಬಂದು ಹಿಂದೆ ನಿಂತು, ವಾರ್ನಿಷ್ ವಾಸನೆಯ ಎರಡೂ ಅಂಗೈಯಿಂದ ನನ್ನ ಕಣ್ಣು ಮುಚ್ಚಿದಳು.

"ಇನ್ನೊಮ್ಮೆ ಹಾಕವ್ವ" ಅಂದಳು.

ಈ ಸಲ ನಾನು ಬೆರಳು ಇಳಿಸಿದ ಮೇಲೆ ಬಹಳ ಹೊತ್ತು ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಇನ್ನೂ ಕೇಳುತ್ತಿದೆ ಎಂದು ಆ ಮೌನದಿಂದಲೇ ಗೊತ್ತಾಯಿತು.

ಕಣ್ಣಿನ ಮೇಲಿನ ಕೈ ತೆಗೆದಾಗ ನಾನು ಮೊದಲು ಕಂಡದ್ದು ಮೇಜಿನ ಮೇಲಿದ್ದ ಕ್ಯಾಸೆಟ್ಟಿನ ಡಬ್ಬಿ. ಅದರ ಚಿತ್ರವನ್ನು ಅಲ್ಲಿಯವರೆಗೆ ಸರಿಯಾಗಿ ನೋಡಿರಲಿಲ್ಲ. ಹಿಟ್ಟಿನ ಧೂಳು ಹಿಡಿದ ಒಂದು ಮೋಟಾರು. ನೆತ್ತಿಯ ಮೇಲೆ ಹಸಿರು ಬೊಟ್ಟು.

"ಇದು ಎಲ್ಲೀದು?" ಅಂದೆ.

"ಕ್ಯಾಸನೂರು ದಾರೀಲಿ ಒಂದು ಹಿಟ್ಟಿನ ಗಿರಣಿ ಕಾಕಾ. ಅದರ ಸಿಳ್ಳೇ ಎರಡನೇ ಬದಿ ಪೂರ್ತಿ ಇರೋದು. ಒಂದೂವರೆ ತಿಂಗಳಾಯ್ತು ರೆಕಾರ್ಡ್ ಮಾಡಿ." ಅವಳ ದನಿ ಸಣ್ಣದಾಯಿತು. "ನಿಮ್ಮ ಬೊಟ್ಟು ಕಂಡು ಫೋಟೋ ತೆಗೆದೆ. ನಿಮಗೆ ಖುಷಿ ಆಗ್ಲಿ ಅಂತ."

ಆ ಗಿರಣಿಯ ಮೋಟಾರು ಮೂರು ತಿಂಗಳ ಹಿಂದೆ ನನ್ನ ಕೈಗೇ ಬಂದು ಹೋಗಿತ್ತು. ನೂರು ಎಣಿಸಿದ್ದೆ. ಬೊಟ್ಟು ಇಟ್ಟಿದ್ದೆ.

ಗಿರಣಿಗೆ ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಮೋಟಾರು ಓಡುವಾಗ ಅಲ್ಲಿ ಯಾರಿಗೂ ಫೋನ್ ಕೇಳುವುದಿಲ್ಲ; ಅದು ನನಗೆ ಗೊತ್ತು. ಹೆಂಡತಿ ಆಗಲೇ ಹೊಸ ಬೇರಿಂಗ್, ಹಳೆಯದನ್ನು ಕೀಳುವ ಪುಲ್ಲರ್, ಗ್ರೀಸ್ ಡಬ್ಬಿ ಚೀಲಕ್ಕೆ ಹಾಕಿದ್ದಳು. ಹುಡುಗಿಯನ್ನು ಅಂಗಡಿಯಲ್ಲಿ ಬಿಟ್ಟು ನಾವಿಬ್ಬರೂ ಬೈಕಿನಲ್ಲಿ ಹೊರಟೆವು. ಶಿರಾಳಕೊಪ್ಪ ದಾಟಿ ಸೊರಬದ ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳ ಸುಲಿಯುವ ಮಷಿನ್ನು, ಬಾವಿಯ ದಡದ ಪಂಪು, ರೈಸ್‌ಮಿಲ್ಲು. ಅವುಗಳಲ್ಲಿ ಎಷ್ಟೋ ನನ್ನ ಕೈ ದಾಟಿ ಬಂದವು. ಎಂದಿನ ಹಾಗೆ ದಪ್ಪ ದನಿಯಲ್ಲಿ ಓಡುತ್ತಿದ್ದವು. ಆ ದನಿಯ ಮೇಲೆ ಇನ್ನೇನಿದೆಯೋ ನನಗೆ ತಿಳಿಯುವಂತಿರಲಿಲ್ಲ. ಒಂದು ಪಂಪು ದಾಟುವಾಗ ಹೆಂಡತಿಯ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಯಾಕೆಂದು ಕೇಳಲಿಲ್ಲ. ಮುಂದೆ ಇನ್ನೊಂದು ಪಂಪು ದಾಟುವಾಗಲೂ ಹಿಡಿಯಿತು.

ಗಿರಣಿ ಓಡುತ್ತಿತ್ತು. ಹೊರಗೆ ಹೆಂಗಸರು ಅಕ್ಕಿ ಡಬ್ಬಿ ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಗಿರಣಿಯ ಯಜಮಾನಿ ನಮ್ಮನ್ನು ಕಂಡು ಅರಳಿದಳು. "ಹೋ, ಬನ್ನಿ ಬನ್ನಿ! ಜೋಡಿ ಸವಾರಿ ಈ ಕಡೆ ಹೆಂಗೆ ಬಂತು?" ಅವಳ ಎಡಗೈಯ ಎರಡು ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿತ್ತು.

ನಾನು ಉತ್ತರ ಕೊಡದೆ ಹೋಗಿ ಸ್ವಿಚ್ಚು ಆರಿಸಿದೆ. ಮೋಟಾರಿನ ಮೂತಿಗೆ ಅಂಗೈ ಇಟ್ಟವನು ಸುಟ್ಟು ಹಿಂದಕ್ಕೆ ತೆಗೆದೆ. ಬಿಚ್ಚಿದೆವು. ಬೇರಿಂಗಿನ ಗುಂಡುಗಳು ನೀಲಿಗಟ್ಟಿದ್ದವು, ಒಂದು ಸೀಳಿತ್ತು. ಇನ್ನು ಒಂದು ದಿನವೋ ಎರಡು ದಿನವೋ.

"ಬೆರಳಿಗೇನಾತು?" ಎಂದು ಹೆಂಡತಿ ಕೇಳಿದಳು.

"ಮೊನ್ನೆ ಬೆಲ್ಟ್ ಹಾರ್ತು ಮಾರಾಯ್ತಿ. ಎರಡು ಹೊಲಿಗೆ. ಇದು ಕೂಗ್ತಾ ಇರೋದು ಕೇಳ್ತಿತ್ತು, ಇಲ್ಲ ಅಂತಲ್ಲ. ನಮ್ಮನೆಯವ್ರು ಯಾರನ್ನಾರೂ ಕರೆಸ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ. ಅವ್ರ ಬೊಟ್ಟು ಇದ್ಯಲ್ಲ, ಅದು ಇದ್ಮೇಲೆ ಕೂಗ್ಲಿ ಬಿಡಿ, ಏನಾಗ್ತದೆ ಅಂದೆ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಆ ಸೀಳಿದ ಗುಂಡನ್ನು ಎತ್ತಿ ಹಿಡಿದು ಹೇಳಿದೆ: "ಈಗ ಬರೋ ಬೇರಿಂಗ್ ಮಾಲೇ ಸರಿ ಇಲ್ರೀ. ಎಲ್ಲಾ ಡುಪ್ಲಿಕೇಟು."

ಹೊಸದು ಹಾಕಿದೆ. ಹೆಂಡತಿಯೇ ಸ್ಕ್ರೂಡ್ರೈವರ್ ಇಟ್ಟು ಕೇಳಿ ತಲೆ ಆಡಿಸಿದಳು. ಯಜಮಾನಿ ಹಿಟ್ಟಿನ ಕೈಯಲ್ಲೇ ಬೆಲ್ಲ ನೀರು ಕೊಟ್ಟಳು. ಹೊರಟೆವು. ಎರಡು ಮೈಲಿ ಬಂದಿರಬೇಕು, ಹಿಂದಿನಿಂದ ಹೆಂಡತಿ ಅಂದಳು: "ಬೇರಿಂಗ್ ಮಾಲು ಸರಿ ಇಲ್ಲ."

ನಾನು ಗೇರು ಬದಲಿಸಿದೆ.

"ಈ ಮಾತಾರ ಕೇಳ್ತೈತೋ ಇಲ್ಲೋ ನಿಮಗ?"

ಬೈಕು ನಿಲ್ಲಿಸಿದೆ. ರಸ್ತೆಯ ಪಕ್ಕ ಕಾಡಿನಲ್ಲಿ ಜೀರುಂಡೆಗಳು ಕೂಗುವ ಹೊತ್ತು ಅದು. ಅವು ಕೂಗುತ್ತಿವೆಯೇ ಎಂದು ನನಗೆ ಗೊತ್ತಾಗಲಿಲ್ಲ. ಅವು ಯಾವ ವರ್ಷ ನನಗೆ ನಿಂತವು ಎಂದು ನೆನೆಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಬೈಕು ತಿರುಗಿಸಿದೆ.

ಗಿರಣಿಯ ಯಜಮಾನಿ ಬಾಗಿಲು ಗುಡಿಸುತ್ತಿದ್ದಳು. "ಏನಾರೂ ಮರ್ತ್ರಾ?" ಅಂದಳು.

"ಮಾಲು ಸರಿ ಇತ್ತಮ್ಮ" ಎಂದೆ. "ನನಗೆ ಆ ಸಿಳ್ಳು ಕೇಳಲ್ಲ. ಕೇಳದೆ ಬೊಟ್ಟು ಇಟ್ಟೀನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪೊರಕೆ ಗೋಡೆಗೆ ಒರಗಿಸಿ, "ಹಂಗಾದ್ರೆ ಉಳಿದ ಮೋಟಾರೆಲ್ಲ?" ಅಂದಳು.

ಶಿವಮೊಗ್ಗದ ಕಿವಿ ಡಾಕ್ಟರು ನನ್ನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ವರ್ಷಗಟ್ಟಲೆ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಸಣ್ಣ ದನಿ ಮೊದಲು ಹೋಗುತ್ತದಂತೆ, ಹೋಗಿದ್ದು ತಿಳಿಯುವುದಿಲ್ಲವಂತೆ. ವಾಪಸ್ ಬರುವುದಿಲ್ಲ ಎಂದರು. ಯಾವಾಗ ಹೋಯಿತು ಎಂದು ಕೇಳಿದೆ. ಅದನ್ನು ಹೇಳಲು ಬರುವುದಿಲ್ಲ ಎಂದರು. ನನಗೆ ಬೇಕಾಗಿದ್ದು ಅದೊಂದೇ ಆಗಿತ್ತು.

ಹೀಗಾಗಿ ನಾವೇ ಒಂದು ಲೆಕ್ಕ ಹಿಡಿದೆವು. ಕೆಲಸದ ಪುಸ್ತಕ ತೆಗೆದು, ಕಳೆದ ಎರಡು ವರ್ಷದಲ್ಲಿ ಬೊಟ್ಟು ಇಟ್ಟ ಮೋಟಾರುಗಳನ್ನೆಲ್ಲ ಹೆಂಡತಿ ಒಂದು ಹಾಳೆಗೆ ಇಳಿಸಿದಳು. ತೊಂಬತ್ತೆಂಟು. ಎರಡೇ ವರ್ಷ ಸಾಕೇ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಭಾನುವಾರ, ಬುಧವಾರ ಅಂಗಡಿ ಮುಚ್ಚಿ ಒಂದೊಂದೇ ಊರಿಗೆ ಹೋಗುತ್ತೇವೆ. ಅವಳು ಸ್ಕ್ರೂಡ್ರೈವರಿಗೆ ಕಿವಿ ಕೊಡುತ್ತಾಳೆ, ನಾನು ಅವಳ ಮುಖ ನೋಡುತ್ತಾ ನಿಲ್ಲುತ್ತೇನೆ. ಸರಿ ಇದ್ದರೆ ಹಸಿರು ಬೊಟ್ಟಿನ ಪಕ್ಕ ಅವಳು ಹಳದಿ ಬೊಟ್ಟು ಇಡುತ್ತಾಳೆ.

"ಅಕ್ಕಾರು ಕೇಳಿದ್ರ ಆತೇನ್ರೀ? ನೀವೂ ಒಂದ್ಸಲ ಕಿವಿ ಕೊಡ್ರಿ" ಎಂದು ಹಳೆಯ ಗಿರಾಕಿಯೊಬ್ಬ ಪಟ್ಟು ಹಿಡಿದ.

"ನನ್ನ ಕಿವಿ ಕೆಟ್ಟೈತಿ" ಅಂದೆ.

"ಹೆಂಡ್ತಿ ಮಾತಿಗಷ್ಟೇ ಕೆಟ್ಟಿದ್ರ ಬ್ಯಾರೆ" ಎಂದು ಅವನು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ತನ್ನ ಮೋಟಾರಿನ ಕಡೆ ತಿರುಗಿದ. ಅದರ ಮೇಲಿನ ಹಸಿರು ಬೊಟ್ಟನ್ನು ಉಗುರಿನಿಂದ ಕೆರೆಯತೊಡಗಿದ.

ಆನವಟ್ಟಿಯ ಹುಡುಗಿ ಡಬ್ಬಿಯ ಚಿತ್ರ ಬದಲಿಸುತ್ತೇನೆ, ಬೊಟ್ಟು ಕಾಣದ ಹಾಗೆ ಮಾಡುತ್ತೇನೆ ಎಂದಳು. ಬೇಡ ಎಂದೆ. ಬೊಟ್ಟು ಸುಳ್ಳಾಗಿತ್ತು, ಸಿಳ್ಳು ನಿಜ. ಎರಡೂ ಒಂದೇ ಡಬ್ಬಿಯಲ್ಲಿ ಹೋಗಲಿ. ಐವತ್ತೂ ಹಾಗೆಯೇ ಹೋದವು. ಹೊಸ ಕ್ಯಾಸೆಟ್ಟುಗಳು ಈಗಲೂ ಮೊದಲು ನಮ್ಮ ಅಂಗಡಿಗೇ ಬರುತ್ತವೆ. ದಪ್ಪ ದನಿಗೆ ನಾನು ಹೇಳುತ್ತೇನೆ, ಮೇಲಿನದಕ್ಕೆ ಹೆಂಡತಿ. ಒಮ್ಮೊಮ್ಮೆ ಅವಳು ಸಂತೆಗೆ ಹೋದಾಗ ನಾನು ಆ ಎರಡನೇ ಬದಿ ಹಾಕಿ ಎರಡು ಚಕ್ರ ತಿರುಗುವುದನ್ನು ನೋಡುತ್ತಾ ಕೂರುತ್ತೇನೆ. ನಾಯಿ ಎದ್ದು ಹೋದರೆ ಸಿಳ್ಳು ಬರುತ್ತಿದೆ ಎಂದು ತಿಳಿಯುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಅಂಗಡಿ. ಕಾಯಿಲ್ ಸುತ್ತುವ ಎರಡು ಕೈಮಷಿನ್. ಹಿಡಿ ಸವೆದ ಒಂದು ಸ್ಕ್ರೂಡ್ರೈವರ್, ಅದನ್ನು ಈಗ ಹೆಂಡತಿ ಹಿಡಿಯುತ್ತಾಳೆ. ಹನ್ನೊಂದು ಕ್ಯಾಸೆಟ್ಟು, ನನಗೆ ಕೇಳುವ ಬದಿ ಇಪ್ಪತ್ತೊಂದು. ನೋಡಿ ಬಂದ ಮೋಟಾರು ಅರವತ್ತೊಂದು, ಅದರಲ್ಲಿ ಕೂಗುತ್ತಿದ್ದವು ಒಂಬತ್ತು. ಇನ್ನೂ ನೋಡದೆ ಓಡುತ್ತಿರುವವು ಮೂವತ್ತೇಳು.